ಕಾರಾಗಿ ಪಾಸು, ಮನುಷ್ಯನಾಗಿ ಫೇಲು

ಅಗ್ಗದ ಹೊಸ ಪ್ಲಾಸ್ಟಿಕ್ಕಿಗೆ ಒಂದು ವಾಸನೆಯಿರುತ್ತದೆ. ಸೀಮೆಎಣ್ಣೆಯದೂ ಅಲ್ಲ, ಹೊಸ ಬಣ್ಣದ್ದೂ ಅಲ್ಲ, ಎರಡರ ನಡುವಿನದು. ಮೊನ್ನೆ ನನ್ನ ಮಗಳು ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿ ಬಂದವಳು, ಅಲ್ಲಿ ಕೊಟ್ಟ ಪೊಟ್ಟಣವನ್ನು ಶಿವಮೊಗ್ಗ ಪಕ್ಕದ ಮಲವಗೊಪ್ಪದ ನಮ್ಮ ಮನೆಯ ನಡುಮನೆಯಲ್ಲಿ ಕೂತು ಹರಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಅಂಗೈಯಗಲದ ಕಾರು. ಮಡಿಕೆ ಬಿಡಿಸಿದರೆ ರೋಬೋಟ್ ಆಗುವಂಥದ್ದು. “ಅಮ್ಮಾ, ಇದು ಚೆನ್ನಾಗಿದ್ಯಾ?” ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನಾನು ಬೆಳೆದ ಮನೆಯಲ್ಲಿ ಒಬ್ಬನಿಗೆ ಮಾತ್ರ ಇತ್ತು. ಅವನು ನನ್ನ ಅಣ್ಣ ರಘು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮದು ಸಾಲಿನ ಕೊನೆಯ ಮನೆ. ಈಗ ಅಲ್ಲಿ ಬಾಗಿಲುಗಳಿಲ್ಲ, ಹೆಂಚುಗಳಿಲ್ಲ, ಗೋಡೆಯ ಸಂದಿಯಲ್ಲಿ ಅರಳಿ ಸಸಿಗಳು ಎದ್ದಿವೆ. ಆಗ ಸೈರನ್ ಕೂಗಿದರೆ ಇಡೀ ಸಾಲಿನಲ್ಲಿ ಒಮ್ಮೆಲೇ ಒಲೆಗಳು ಹೊತ್ತುತ್ತಿದ್ದವು. ಪಕ್ಕದ ತಮಿಳರ ಮನೆಯ ರೇಡಿಯೋ ಗೋಡೆಯಾಚೆಯಿಂದ ನಮ್ಮನೆಯದೇ ಎಂಬಷ್ಟು ಸಲೀಸಾಗಿ ಕೇಳುತ್ತಿತ್ತು. ಒಗೆದು ಹಾಕಿದ ಬಟ್ಟೆಯ ಮೇಲೆ ಸಣ್ಣ ಮಸಿ ಕೂರುತ್ತಿತ್ತು. ಅಮ್ಮ ಅದನ್ನು ಬೈದುಕೊಂಡೇ ಕೊಡವುತ್ತಿದ್ದಳು. ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣನಿಗೆ ಸ್ನಾಯುಗಳು ಸೋಲುತ್ತ ಹೋಗುವ ಕಾಯಿಲೆಯಿತ್ತು. ಆಡಿಕೊಂಡು ಓಡಿಕೊಂಡು ಇದ್ದವನು ಮೆಟ್ಟಿಲಲ್ಲಿ ಎಡವತೊಡಗಿದ. ಆಮೇಲೆ ನೆಲದಿಂದ ಏಳಲು ತೊಡೆಯ ಮೇಲೆ ಕೈಯೂರತೊಡಗಿದ. ಹೈಸ್ಕೂಲು ಸೇರಬೇಕಾದ ವರ್ಷ ನಡಿಗೆಯೇ ನಿಂತಿತು.

ಆ ವರ್ಷವೇ ಅವನನ್ನು ಶಿವಮೊಗ್ಗದ ದೊಡ್ಡ ಡಾಕ್ಟರಿಗೆ ತೋರಿಸಲು ಹೋದೆವು. ನಮ್ಮಿಬ್ಬರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಅಪ್ಪ-ಅಮ್ಮನನ್ನು ಮಾತ್ರ ಒಳಗೆ ಕರೆದರು. ಹೊರಗೆ ಬಂದಾಗ ಅಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಪ್ಪ ಅಣ್ಣನನ್ನು ಬೆನ್ನ ಮೇಲೆ ಹೊತ್ತುಕೊಂಡು ದುರ್ಗಿಗುಡಿಯ ಬೀದಿಯಲ್ಲಿ ನಡೆದರು. ಫುಟ್‌ಪಾತಿನಲ್ಲಿ ಆಟಿಕೆ ಹರಡಿಕೊಂಡಿದ್ದವನ ಮುಂದೆ ನಿಂತು, ನಾವು ಕೇಳದೆಯೇ, ಒಂದು ಕೆಂಪು ಕಾರನ್ನು ಎತ್ತಿ ಅಣ್ಣನ ಕೈಗಿಟ್ಟರು. ಆಟಿಕೆಗೆಂದು ಎಂದೂ ಕಾಸು ಬಿಚ್ಚದ ಅಪ್ಪ ಯಾಕೆ ಹೀಗೆ ಮಾಡಿದರೆಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ.

ಮನೆಗೆ ಬಂದವನೇ ಅಣ್ಣ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿ ಕಾರನ್ನು ಪರೀಕ್ಷೆಗೆ ಇಟ್ಟುಕೊಂಡ. ಮೂಸಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಬಾನೆಟ್ಟನ್ನು ಎತ್ತಿದಾಗ ಒಳಗಿಂದ ನೀಲಿ ತಲೆ ಇಣುಕಿತು, ಬಾಗಿಲುಗಳು ತೋಳುಗಳಾದವು, ಹಿಂದಿನ ಚಕ್ರಗಳು ಇಳಿದು ಪಾದಗಳಾದವು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಮಣೆಯ ಮೇಲೆ ನಿಲ್ಲಿಸಿದ. ಅದು ಮುಂದಕ್ಕೆ ಮುಗ್ಗರಿಸಿತು. ಮತ್ತೆ ನಿಲ್ಲಿಸಿದ, ಮತ್ತೆ ಬಿತ್ತು. “ಕಾರಾಗಿ ಪಾಸು. ಮನುಷ್ಯನಾಗಿ ಫೇಲು. ನಿಲ್ಲಲ್ಲ ಇದು,” ಎಂದ. ಅವನ ದನಿಯಲ್ಲಿ ದುಃಖವೇನೂ ಇರಲಿಲ್ಲ, ಮೇಷ್ಟರು ಅಂಕ ಓದುವ ಹಾಗಿತ್ತು. ಅಮ್ಮ ಮಾತ್ರ ಎದ್ದು ಅಡುಗೆಮನೆಗೆ ಹೋದಳು.

ಮಾರನೆಯ ದಿನ ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಡ್ಯೂಟಿಗೆ ಹೋದರು. ಸಂಜೆ ತಂದಾಗ ಅದರ ಎರಡೂ ಪಾದಗಳ ಅಡಿಗೆ ತಗಡಿನ ಪುಟ್ಟ ಬಿಲ್ಲೆಗಳಿದ್ದವು. ಅಂಚನ್ನು ಎಷ್ಟು ನಯವಾಗಿ ಉಜ್ಜಿದ್ದರೆಂದರೆ ಬೆರಳಿಗೆ ತಾಕುತ್ತಲೇ ಇರಲಿಲ್ಲ. ರೋಬೋಟು ಮಣೆಯ ಮೇಲೆ ಗಟ್ಟಿಯಾಗಿ ನಿಂತಿತು. ಅಪ್ಪನ ಮುಖ ಅರಳಿತು. ಅಣ್ಣ ಅದನ್ನು ಮತ್ತೆ ಮಡಚಲು ನೋಡಿದ. ತಗಡು ಅಡ್ಡ ಬಂದು ಕಾಲುಗಳು ಒಳಗೆ ಹೋಗಲಿಲ್ಲ.

“ಈಗ ನಿಲ್ತದೆ ಅಪ್ಪ. ಆದ್ರೆ ಕಾರಾಗಲ್ಲ.”

ಅಪ್ಪ ಮಂಚದ ತುದಿಯಲ್ಲಿ ಕೂತು ಸ್ಕ್ರೂಡ್ರೈವರಿನಿಂದ ಆ ಬಿಲ್ಲೆಗಳನ್ನು ಕೀಳತೊಡಗಿದರು. ಅಣ್ಣ ಅವರ ಮಣಿಕಟ್ಟು ಹಿಡಿದುಕೊಂಡು, “ಬಿಡಪ್ಪ. ತಗಡು ಕಿತ್ರೂ ಗೋಡೆಗೆ ಒರಗಿಸಿದ್ರೆ ನಿಲ್ತದೆ. ನಂಗೆ ಸಾಕು,” ಎಂದ.

ಅಣ್ಣನ ಪರೀಕ್ಷೆಯ ಸುದ್ದಿ ಸಾಲಿನಲ್ಲೆಲ್ಲ ಹಬ್ಬಿತು. ಯಾರ ಮನೆಗೆ ಆಟಿಕೆ ಬಂದರೂ ಮೊದಲು ನಮ್ಮ ಕಿಟಕಿಗೆ ಬರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವಳು ಪಕ್ಕದ ಮನೆಯ ಮಲರ್. ಆಗಿನ್ನೂ ಶಾಲೆಗೆ ಸೇರದ ಹುಡುಗಿ, ಮಾತು ಅರ್ಧ ತಮಿಳು ಅರ್ಧ ಕನ್ನಡ. “ರಘಣ್ಣಾ, ಇದು ಪಾಸಾ?” ಎಂದು ಕಿಟಕಿಯ ಸರಳು ಹಿಡಿದು ಜೋತಾಡುವಳು. ಅಣ್ಣ ಅವಸರದಲ್ಲಿ ಯಾವುದನ್ನೂ ಪಾಸು ಮಾಡುತ್ತಿರಲಿಲ್ಲ. “ನಾಳೆ ಬಾ ಮಾರಾಯ್ತಿ, ನಿಧಾನಕ್ಕೆ ನೋಡ್ಬೇಕು,” ಎನ್ನುತ್ತಿದ್ದ. ಕ್ರಮೇಣ ಅವನ ಬೆರಳುಗಳೂ ಸೋತವು. ಆಗ ನಾನು ಅವನ ಕೈಯಾದೆ. “ತೋಳು ಮೊದ್ಲು ತಿರುಗಿಸ್ಬೇಡ ಶೈಲೂ, ತಲೆ ಮೊದ್ಲು. ಮೆಲ್ಲಗೆ, ಅದಕ್ಕೆ ನೋವಾಗ್ತದೆ,” ಎಂದು ದಿಂಬಿಗೆ ಒರಗಿಯೇ ಹೇಳುತ್ತಿದ್ದ. ನಿಮ್ಮ ಮನೆಯಲ್ಲೂ ಇಂಥ ಒಂದು ಮಂಚ ಇದ್ದಿದ್ದರೆ ನಿಮಗೆ ಗೊತ್ತಿರುತ್ತದೆ, ಇಡೀ ಮನೆ ಅದರ ಸುತ್ತಲೇ ತಿರುಗುತ್ತಿರುತ್ತದೆ, ಅದು ಖಾಲಿಯಾದ ದಿನ ಎಲ್ಲಿ ಕೂರಬೇಕೆಂದೇ ಯಾರಿಗೂ ತೋಚುವುದಿಲ್ಲ.

ಒಂದು ಬೇಸಿಗೆಯಲ್ಲಿ ಅವನ ಎದೆಗೆ ಕಫ ಕಟ್ಟಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಕೆಲವು ದಿನ ಉಸಿರಿಗಾಗಿ ಹೆಣಗಿ, ಒಂದು ಬೆಳಿಗ್ಗೆ, ಅಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಗಲೇ ಅಣ್ಣ ಹೋಗಿಬಿಟ್ಟ. ಅವನಿಗೆ ಆಗಿನ್ನೂ ಹದಿನೇಳು ತುಂಬಿರಲಿಲ್ಲ.

ಮಲರ್ ರಜೆಗೆಂದು ಸೇಲಂನ ಅಜ್ಜಿಯ ಮನೆಗೆ ಹೋಗಿದ್ದಳು. ಚಿಕ್ಕ ಮಗು ಎಂದು ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಮರಳಿ ಬಂದ ದಿನವೇ ಓಡಿಬಂದಳು. ಕೈಯಲ್ಲಿ ಅಜ್ಜಿ ಕೊಡಿಸಿದ ಹೊಸ ರೋಬೋಟು, ಹಸಿರು ಬಣ್ಣದ್ದು, ವಿಮಾನವಾಗುವಂಥದ್ದು. ಸರಳಿನ ಆಚೆಯಿಂದ ಬರಿದಾದ ಮಂಚವನ್ನು ನೋಡಿ, “ರಘಣ್ಣ ಎಲ್ಲಿ?” ಎಂದಳು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಎದ್ದು ಕಿಟಕಿಯ ಹತ್ತಿರ ಬಂದಳು. ಅವನು ಡಾಕ್ಟರ ಹತ್ತಿರ ಹೋಗಿರಬೇಕೆಂದು ಮಗು ತಾನೇ ತೀರ್ಮಾನಿಸಿಕೊಂಡಳು. “ಬಂದ್ಮೇಲೆ ಕೊಡುಮ್ಮಾ. ನಿಧಾನಕ್ಕೆ ನೋಡ್ಲಿ, ಅರ್ಜೆಂಟಿಲ್ಲ,” ಎಂದು ವಿಮಾನವನ್ನು ಸರಳುಗಳ ನಡುವೆ ಚಾಚಿದಳು. ಅಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, “ಆಯ್ತು ಪುಟ್ಟಿ, ಇಟ್ಟಿರ್ತೀನಿ,” ಎಂದಳು.

ಸಂಜೆ ಡ್ಯೂಟಿ ಮುಗಿಸಿ ಬಂದ ಅಪ್ಪ ಮಂಚದ ಮೇಲೆ ಅದನ್ನು ಕಂಡರು. “ಯಾರದಿದು?” ಎಂದು ಕೇಳಿದರು.

“ಮಲರ್‌ದು. ರಘು ನೋಡಿ ಹೇಳ್ಬೇಕಂತೆ.”

ಆಸ್ಪತ್ರೆಯಲ್ಲಿ ಅಳದಿದ್ದ, ತುಂಗೆಯ ದಡದ ಸಂಸ್ಕಾರದಲ್ಲೂ ಅಳದಿದ್ದ ಅಪ್ಪ, ಟಿಫನ್ ಬಾಕ್ಸನ್ನು ನೆಲಕ್ಕಿಟ್ಟು ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟರು. ಅಮ್ಮ ಹೋಗಿ ಅವರ ಪಕ್ಕದಲ್ಲಿ ಕೂತಳು. ಗೋಡೆಯಾಚೆಯ ರೇಡಿಯೋವನ್ನು ಯಾರೋ ಮೆಲ್ಲಗೆ ಆರಿಸಿದರು.