ಕೆಡ್ರಿಕ್‌ನನ್ನು ಎಲ್ಲಿ ನಿಲ್ಲಿಸುವುದು

ಆರ್ವಿಲ್ ಗಿಡ್ರಿ ಮೂವತ್ತೊಂದು ವರ್ಷದಿಂದ ಬಾಯೂ ದೋರ್ ಹೈಸ್ಕೂಲಿನಲ್ಲಿ ಎರಡು ಕೆಲಸ ಮಾಡಿಕೊಂಡಿದ್ದ. ಬೆಳಗ್ಗೆ ವೆಲ್ಡಿಂಗ್ ಮೇಷ್ಟ್ರು, ಮಧ್ಯಾಹ್ನದ ಮೇಲೆ ಅಮೆರಿಕನ್ನರು ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಫುಟ್‌ಬಾಲ್ ತಂಡದ ಸಹಾಯಕ ಕೋಚ್. ಎದುರಾಳಿಗಳ ಸಾಲಿಗೆ ಮುಖ ಕೊಟ್ಟು ಬಗ್ಗಿ ನಿಂತು, ಚೆಂಡು ಅಲುಗಿದ ತಕ್ಷಣ ಗೂಳಿಗಳ ಹಾಗೆ ನುಗ್ಗುವ ದಪ್ಪ ಹುಡುಗರು ಅವನ ಪಾಲು. ಅವನಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಆರ್ವಿಲ್ ತಾನೂ ಹುಡುಗನಾಗಿದ್ದಾಗ ಅದೇ ಸಾಲಿನಲ್ಲಿ ಆಡಿ, ಬಲಭುಜ ಕಳಚಿಕೊಂಡು, ಈಗಲೂ ಆ ಕೈಯನ್ನು ತಲೆಯಿಂದ ಮೇಲಕ್ಕೆ ಎತ್ತಲಾರ. ಮಕ್ಕಳಿರಲಿಲ್ಲ. ಊರಿನಲ್ಲಿ ನಲವತ್ತರ ಆಸುಪಾಸಿನ ಗಂಡಸರಲ್ಲಿ ಅರ್ಧ ಜನ ಅವನ ಬೈಗುಳ ತಿಂದು ಬೆಳೆದವರೇ.

ಆ ವರ್ಷ ಊರಿನ ಬಾಯಿಗೆ ಬಿದ್ದವನು ಕೆಡ್ರಿಕ್ ರಾಬಿಶೋ. ಹದಿನಾರು ವರ್ಷ, ಆರೂಕಾಲು ಅಡಿ ಎತ್ತರ, ಬಾಗಿಲು ತುಂಬುವಂಥ ಮೈ. ಮಾತು ಮಾತ್ರ ಅಳೆದೂ ಸುರಿದೂ. ಹಿಂದಿನ ವರ್ಷ ಅವನನ್ನು ಸಾಲಿನ ನಟ್ಟನಡುವೆ ನಿಲ್ಲಿಸಿದ್ದರು. ಅಲ್ಲಿ ಚೆಂಡು ಕಣ್ಣೆದುರೇ, ಕೈಯಳತೆಯಲ್ಲಿ. ಅದು ಅಲುಗಿತು ಅನ್ನುವಷ್ಟರಲ್ಲಿ ಇವನು ಎದುರಿನವನನ್ನು ಅಂಗಾತ ಕೆಡವಿರುತ್ತಿದ್ದ. ಈ ವರ್ಷ ಹೊಸ ಮುಖ್ಯ ಕೋಚ್ ಡರಿಲ್ ಹಾಲಿಸ್ ಬಂದ. ಅವನು ಹುಡುಗನನ್ನು ಸಾಲಿನ ತುದಿಗೆ ಸರಿಸಿದ. ತುದಿಯಲ್ಲಿ ನಿಂತವನಿಗೆ ಸುತ್ತು ಹಾಕಿ ಓಡಲು ಜಾಗವಿರುತ್ತದೆ. ಚೆಂಡು ಎಸೆಯುವವನನ್ನೇ ಹೋಗಿ ಕೆಡವಬಹುದು. ದೊಡ್ಡ ಕಾಲೇಜುಗಳವರು ನೋಡುವುದೂ ಅಂಥವರನ್ನೇ.

ನಾಲ್ಕು ಪಂದ್ಯವಾಯಿತು. ನಾಲ್ಕರಲ್ಲೂ ಕೆಡ್ರಿಕ್ ಪ್ರತಿ ಸಲ ಒಂದು ಹೆಜ್ಜೆ ತಡ. ಮೂರು ಪಂದ್ಯ ತಂಡದ ಕೈತಪ್ಪಿದವು.

ಶನಿವಾರ ಫೆಲ್ಟನ್‌ನ ಕ್ಷೌರದಂಗಡಿಯಲ್ಲಿ ಇದೇ ಮಾತು.

"ನಡುವೆ ನಿಲ್ಲಿಸ್ರಪ್ಪಾ ಅಂತ ಆಗಸ್ಟ್‌ನಿಂದ ಬಡ್ಕೋತಿದೀನಿ. ನನ್ ಮಾತು ಯಾರ್ ಕೇಳ್ತಾರೆ," ಅಂದ ಫೆಲ್ಟನ್, ಆರ್ವಿಲ್‌ನ ಕತ್ತಿಗೆ ಬಟ್ಟೆ ಕಟ್ಟುತ್ತ.

"ನಡುವೆ ನಿಂತ್ರೆ ಇಬ್ಬರು ಸೇರ್ಕೊಂಡು ಮಂಡಿ ಮುರೀತಾರೆ," ಅಂದ ಕಬ್ಬಿನ ಲಾರಿ ಓಡಿಸುವ ರೆನಾಲ್. "ಜಾಗದ್ದಲ್ಲ ಕಣಯ್ಯಾ ತೊಂದ್ರೆ. ಹುಡುಗಂಗೆ ಕೊಬ್ಬು. ನಿನ್ನೆ ಕೋಚು ಕೈ ಬೀಸಿ ಬೀಸಿ ಸುಸ್ತಾದ್ರು, ಇವ್ನು ಕಂಬದ ಹಾಗೆ ನಿಂತಿದ್ದ. ಏನ್ ಆರ್ವಿಲ್, ನೀನೇ ಹೇಳು."

ಆರ್ವಿಲ್ ಕತ್ತಿನ ಬಟ್ಟೆಯ ಗಂಟು ಸಡಿಲ ಮಾಡಿಕೊಂಡ. ಹುಡುಗ ನಡುವೆಯೇ ಸರಿ ಎಂದು ಅವನೂ ಮೊದಲಿನಿಂದ ವಾದ ಮಾಡಿದವನೇ. ಕೆಡ್ರಿಕ್ ಎಡವಿದಾಗಲೆಲ್ಲ ಒಳಗೊಳಗೇ ಒಂದು ಚಿಟಿಕೆ ಸಂತೋಷವಾಗುತ್ತಿತ್ತು, ನಾನು ಹೇಳಲಿಲ್ಲವೇ ಎಂದು. ಅದು ತನಗೇ ಗೊತ್ತಾದಾಗಿನಿಂದ ಅವನಿಗೆ ಯಾರ ಮುಖವನ್ನೂ ನೋಡಲು ಆಗುತ್ತಿರಲಿಲ್ಲ.

ಸೋಮವಾರ ಹಾಲಿಸ್ ಕೋಣೆಗೆ ಕರೆದ. "ಮಿಸ್ಟರ್ ಆರ್ವಿಲ್, ಈ ಶುಕ್ರವಾರ ಅವನನ್ನ ಆಡಿಸಲ್ಲ."

"ಒಂದ್ಸಲ ನಡುವೆ ಹಾಕಿ ನೋಡೋಣ."

"ಕೊಟ್ಟ ಜಾಗ ಹಿಡಿಸ್ಲಿಲ್ಲ ಅಂತ ಬೇಕೂಂತ ಕೆಲಸ ಕೆಡಿಸ್ತಾನೆ. ಅದಕ್ಕೆ ಅವನಿಗೆ ಬೇಕಾದ ಜಾಗವನ್ನೇ ಬಹುಮಾನವಾಗಿ ಕೊಡೋಣ್ವಾ? ನೀವು ಹಿರಿಯರು, ನೀವೇ ಹೇಳಿ."

ಆ ಸಂಜೆ ಅಭ್ಯಾಸದಲ್ಲಿ ಕೆಡ್ರಿಕ್ ಮತ್ತೆ ಸನ್ನೆ ನೋಡದೆ ನಿಂತಾಗ ಆರ್ವಿಲ್ ಸಿಟ್ಟು ನೆತ್ತಿಗೇರಿ, ಅವನಿಂದ ಗ್ಯಾಲರಿಯ ಮೆಟ್ಟಿಲನ್ನು ಇಪ್ಪತ್ತು ಸಲ ಹತ್ತಿಸಿ ಇಳಿಸಿದ. ಹುಡುಗ ಹತ್ತಿದ, ಇಳಿದ, ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡ.

ಮಂಗಳವಾರ ಬೆಳಗ್ಗೆ ವೆಲ್ಡಿಂಗ್ ಕ್ಲಾಸು. ಕೆಡ್ರಿಕ್ ಕಬ್ಬಿಣದ ಕೊಳವೆ ಅಳೆಯುತ್ತಿದ್ದ. ಮೂಗು ಟೇಪಿಗೆ ತಾಕುವಷ್ಟು ಬಗ್ಗಿದ್ದ.

"ಏನೋ, ಅಳೀತಿದೀಯೋ ಮೂಸ್ತಿದೀಯೋ?" ಅಂದ ಆರ್ವಿಲ್. ಹುಡುಗರೆಲ್ಲ ನಕ್ಕರು. ಕೆಡ್ರಿಕ್ ತಟ್ಟನೆ ನೆಟ್ಟಗಾದ. ಹಾಗೆ ನೆಟ್ಟಗಾದ ರೀತಿಯಲ್ಲಿ ಏನೋ ಇತ್ತು. ಕದ್ದು ಸಿಕ್ಕಿಬಿದ್ದವನ ಹಾಗೆ. ಆರ್ವಿಲ್‌ನ ನಗು ಅಲ್ಲೇ ನಿಂತಿತು.

ಊಟದ ಗಂಟೆ ಹೊಡೆದ ಮೇಲೆ ಉಳಿದವರನ್ನು ಕಳಿಸಿ, ಅವನೊಬ್ಬನನ್ನು ನಿಲ್ಲಿಸಿಕೊಂಡ. "ಕೆಡ್ರಿಕ್, ಟೈಮ್ ಎಷ್ಟು?"

ಹುಡುಗ ಜೇಬಿಗೆ ಕೈ ಹಾಕಿ ಫೋನ್ ತೆಗೆದ.

"ಅದು ಬೇಡ. ಆ ಗೋಡೆ ಗಡಿಯಾರ ನೋಡಿ ಹೇಳು."

ಹುಡುಗ ಗೋಡೆಯತ್ತ ತಿರುಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನಿಂತ. ಆಮೇಲೆ ತಲೆ ತಗ್ಗಿಸಿದ.

"ಎಷ್ಟು ದಿನದಿಂದ?"

"ಹೋದ ಚಳಿಗಾಲದಿಂದ, ಕೋಚ್. ಮೊದ್ಲು ಸ್ವಲ್ಪ. ಈಗ ಜಾಸ್ತಿ."

"ಹಾಗಾದ್ರೆ ತುದಿಯಿಂದ ಚೆಂಡು..."

"ಕಂದು ಚುಕ್ಕೆ ಥರ ಕಾಣತ್ತೆ. ಅಲುಗಿದ್ದು ಗೊತ್ತಾಗಲ್ಲ. ಎದುರಿಗಿರೋನು ಅಲುಗಿದ್ಮೇಲೆ ನಾನು ಹೊರಡ್ತೀನಿ. ನೀವು ಕೈ ಸನ್ನೆ ಮಾಡೋದು ಕಾಣ್ಸಲ್ಲ."

"ಬಾಯಿ ಬಿಟ್ಟು ಹೇಳ್ಬಾರ್ದೇನೋ, ಮಾರಾಯ?"

ಕೆಡ್ರಿಕ್ ಫೋನನ್ನು ಮತ್ತೆ ಜೇಬಿಗೆ ತುರುಕಿದ. "ಅಜ್ಜಿಗೂ ಹಿಂಗೇ ಶುರುವಾಗಿದ್ದು, ಕೋಚ್. ಮೊದ್ಲು ದೂರದ್ದು ಹೋಯ್ತು. ಆಮೇಲೆ ಎಲ್ಲಾ ಹೋಯ್ತು. ಡಾಕ್ಟ್ರ ಹತ್ರ ಹೋದ್ರೆ ನಂಗೂ ಅದೇ ಅಂತಾರೆ."

ಎಂಟು ತಿಂಗಳು ಈ ಮಗು ಒಬ್ಬನೇ ಇದನ್ನು ಹೊತ್ತುಕೊಂಡು ತಿರುಗಿದೆ. ಅಂಥವನನ್ನು ಆರ್ವಿಲ್ ಮೆಟ್ಟಿಲು ಹತ್ತಿಸಿದ್ದ.

ಅಂದು ಅವನು ಅಭ್ಯಾಸಕ್ಕೆ ಹೋಗಲಿಲ್ಲ. ಹುಡುಗನ ಮನೆಗೆ ಹೋದ. ತಾಯಿಯಿಲ್ಲದ ಮೊಮ್ಮಗನನ್ನು ಸಾಕಿದ ಅಜ್ಜಿ ಓಡಿಲ್ ಜಗಲಿಯಲ್ಲಿ ಕೂತು, ಕೈಯಲ್ಲೇ ತಡವಿ ತಡವಿ ಸಿಗಡಿ ಬಿಡಿಸುತ್ತಿದ್ದಳು. ಆರ್ವಿಲ್ ಎಲ್ಲ ಹೇಳಿ ಮುಗಿಸುವ ತನಕ ಅವಳ ಬೆರಳುಗಳು ನಿಲ್ಲಲಿಲ್ಲ. ಮುಗಿದ ಮೇಲೆ ನಿಂತವು.

"ನನ್ನೆದುರಿಗೆ ಹೇಳೋಕ್ಕೆ ಹೆದರಿದ್ನಾ? ನಂಗೆ ನೋವಾಗತ್ತೆ ಅಂತಾನಾ?" ಅಂದಳು. ಆಮೇಲೆ, "ನಾಳೆ ನಾನೂ ಬರ್ತೀನಿ. ಕಾರಲ್ಲಿ ಜಾಗ ಇದೆ ತಾನೆ?"

ಬುಧವಾರ ಪಕ್ಕದ ಊರಿನ ಕಣ್ಣಿನ ಡಾಕ್ಟರಮ್ಮ ಕೆಡ್ರಿಕ್‌ನನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಗಂಟೆಯ ಮೇಲಾಯಿತು. ಹೊರಗೆ ಬೆಂಚಿನಲ್ಲಿ ಓಡಿಲ್ ಜಪಮಾಲೆ ಎಣಿಸುತ್ತಿದ್ದಳು. ವರ್ಷಗಳಿಂದ ಇಗರ್ಜಿಯ ಕಡೆ ತಲೆ ಹಾಕದ ಆರ್ವಿಲ್ ಪಕ್ಕದಲ್ಲಿ ಕೂತು, ಅವಳ ಜೊತೆ ತುಟಿ ಅಲುಗಿಸುತ್ತಿದ್ದ.

ಬಾಗಿಲು ತೆರೆಯಿತು. ಡಾಕ್ಟರಮ್ಮ ನೇರವಾಗಿ ಅಜ್ಜಿಯ ಹತ್ತಿರ ಬಂದು ಕೈ ಹಿಡಿದಳು. "ಏನೂ ಇಲ್ಲಮ್ಮ. ದೂರದ್ದು ಕಾಣಲ್ಲ, ಅಷ್ಟೆ. ಕಣ್ಣಿನ ಒಳಗೆಲ್ಲ ಚೆನ್ನಾಗಿದೆ. ರಕ್ತದಲ್ಲಿ ಸಕ್ಕರೆನೂ ಜಾಸ್ತಿ ಇಲ್ಲ. ನಿಮಗೆ ಬಂದ ಕಾಯಿಲೆ ಬೇರೆ, ಇದು ಬೇರೆ. ಕಣ್ಣಿಗೆ ಲೆನ್ಸ್ ಹಾಕಿದ್ರೆ ಆಯ್ತು."

ಓಡಿಲ್ ಕೈ ಚಾಚಿ ಮೊಮ್ಮಗನನ್ನು ತಡವಿ ಹುಡುಕಿ, ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ನಂದು ಸಕ್ಕರೆಯಿಂದ ಹೋಗಿದ್ದು. ನಿಂದು ಆ ಫೋನಿಂದ, ಕತ್ತೆ." ಆಮೇಲೆ ಅವನ ತೋಳಿಗೆ ಮುಖ ಒತ್ತಿಕೊಂಡು ಅತ್ತಳು. ಆರ್ವಿಲ್ ಕಾರು ತರುವ ನೆಪದಲ್ಲಿ ಹೊರಗೆ ಹೋಗಿ, ಬಾನೆಟ್ಟಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟ.

ವಾಪಸು ಬರುವಾಗ ಕೆಡ್ರಿಕ್, ಡಾಕ್ಟರಮ್ಮ ಅಲ್ಲೇ ಹಾಕಿಕೊಟ್ಟ ಲೆನ್ಸಿನಲ್ಲಿ, ದಾರಿಯ ಫಲಕಗಳನ್ನು ಒಂದೂ ಬಿಡದೆ ಓದಿದ. ಅವನು ಅಷ್ಟು ಮಾತಾಡಿದ್ದನ್ನು ಆರ್ವಿಲ್ ಕೇಳಿಯೇ ಇರಲಿಲ್ಲ.

"ಮೆಟ್ಟಿಲು ಹತ್ತಿಸಿದ್ದು ನನ್ ತಪ್ಪು ಕಣೋ," ಅಂದ ಆರ್ವಿಲ್, ರಸ್ತೆಯಿಂದ ಕಣ್ಣು ತೆಗೆಯದೆ.

"ಪರ್ವಾಗಿಲ್ಲ ಕೋಚ್. ಮೆಟ್ಟಿಲು ಹತ್ರದಲ್ಲಿತ್ತು, ಚೆನ್ನಾಗೇ ಕಾಣ್ತಿತ್ತು."

ಹಿಂದಿನ ಸೀಟಿನಿಂದ ಅಜ್ಜಿ ಗಟ್ಟಿಯಾಗಿ ನಕ್ಕಳು.

ಹಾಲಿಸ್ ವಿಷಯ ಕೇಳಿ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಕೊಬ್ಬು ಅಂತ ಇಡೀ ತಂಡದ ಎದುರು ಅಂದಿದ್ದೆ," ಅಂದ. ಅಂದು ಸಂಜೆ ಅದೇ ತಂಡದ ಎದುರು ಹುಡುಗನ ಕ್ಷಮೆ ಕೇಳಿದ. ಹಾಗೆ ಕೇಳಿದ ಕೋಚನ್ನು ಆರ್ವಿಲ್ ಮೂವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ.

ಶುಕ್ರವಾರ ಕೆಡ್ರಿಕ್ ತುದಿಯಲ್ಲೇ ನಿಂತ. ಮೊದಲ ಸಲ ಚೆಂಡು ಅಲುಗಿದಾಗ ಎದುರಿನ ಹುಡುಗ ಕೈ ಎತ್ತುವ ಮೊದಲೇ ಅವನನ್ನು ದಾಟಿಹೋದ. ಚೆಂಡು ಎಸೆಯುವವನನ್ನು ಆ ಪಂದ್ಯದಲ್ಲಿ ಮೂರು ಸಲ ಕೆಡವಿದ. ಅಂಥ ಓಟ ನಡುವೆ ನಿಂತವನಿಗೆ ಸಿಗುವುದೇ ಇಲ್ಲ; ಅದನ್ನು ಆರ್ವಿಲ್ ಕಣ್ಣಾರೆ ಕಂಡ. ಇಷ್ಟು ದಿನ ಮಾಡಿದ ವಾದ ನೀರಲ್ಲಿ ಹೋಮ ಮಾಡಿದಂತಾಯಿತು. ಅದರಿಂದ ಅವನಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಬದಲಿಗೆ ಮೈ ಹಗುರವಾಯಿತು.

"ತುದಿಯಲ್ಲೇ ಇರಲಿ, ಅಲ್ವಾ?" ಎಂದು ಹಾಲಿಸ್ ಮೆಲ್ಲಗೆ ಕೇಳಿದ.

"ಇರಲಿ. ನಿಮ್ದೇ ಸರಿ."

ಆರ್ವಿಲ್ ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದ. ಪ್ರತಿ ಆಗಸ್ಟಿನಲ್ಲಿ, ಅಭ್ಯಾಸ ಶುರುವಾಗುವ ಮೊದಲ ದಿನ, ವೆಲ್ಡಿಂಗ್ ಶೆಡ್ಡಿನ ಗೋಡೆಗೆ ಅಕ್ಷರದ ಹಾಳೆ ಅಂಟಿಸಿ, ಒಬ್ಬೊಬ್ಬನನ್ನೂ ಇಪ್ಪತ್ತು ಅಡಿ ದೂರದಲ್ಲಿ ನಿಲ್ಲಿಸಿ ಓದಿಸುತ್ತಿದ್ದ. ಇನ್ನಿಬ್ಬರು ಹುಡುಗರು ಹಾಗೆ ಸಿಕ್ಕರು. ಇಬ್ಬರನ್ನೂ ತನ್ನ ಕಾರಿನಲ್ಲೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ.