ನನ್ನ ಕಡೆಯ ಕಂಬಗಳು

ಇವತ್ತು ಬೆಳಗ್ಗೆ ಹಿತ್ತಿಲ ಮೂಲೆಯ ಕಂಬವನ್ನು ಅಲುಗಾಡಿಸಿ ಕಿತ್ತಾಗ, ತುಕ್ಕು ಮತ್ತು ಹಸಿ ಕೆಂಪು ಮಣ್ಣು ಕಲೆತ ವಾಸನೆ ಮೂಗಿಗೆ ಬಡಿಯಿತು. ನೀವು ನಗಬಹುದು, ಆ ವಾಸನೆಗೆ ನನ್ನ ಎದೆ ಶಾಲೆಗೆ ರಜೆ ಸಿಕ್ಕ ಹುಡುಗನ ಎದೆಯಂತೆ ಕುಣಿಯಿತು. ಈ ವಯಸ್ಸಿನಲ್ಲಿ ಹಾರೆ ಮುಟ್ಟಬೇಡ ಎಂದು ಎಲ್ಲರೂ ಹೇಳುತ್ತಾರೆ. ನಾನು ಚಹಾ ಸಹ ಕುಡಿಯದೆ ಮೊದಲು ಹಾರೆಯನ್ನೇ ಹುಡುಕಿದ್ದೆ.

ಬಗದಲ್‌ನಲ್ಲಿ ಈ ಮನೆ ಕಟ್ಟಿದ ಹೊಸತರಲ್ಲಿ, ಹಿತ್ತಿಲಿಗೆ ತಂತಿಬಲೆಯ ಜಾಳಿ ಬೇಲಿ ಹಾಕಲೆಂದು ಬೀದರ್‌ನಿಂದ ಒಂದೇ ಅಳತೆಗೆ ಕೊಯ್ದ ಕಬ್ಬಿಣದ ಕಂಬಗಳನ್ನು ತಂದೆವು. ಆಳು ಯಾಕೆ, ನಾವಿಬ್ಬರೇ ಸಾಕು ಎಂದು ಹುರುಪಿಗೆ ಬಿದ್ದವನು ನಾನು. ಮದುವೆಯಾದಾಗಿನಿಂದ ಹಾಗೆಯೇ, ಸುಣ್ಣ ಹಚ್ಚುವುದೂ ಜೊತೆಗೇ, ಗೋಡೆಗಿಂತ ಒಬ್ಬರಿಗೊಬ್ಬರು ಹೆಚ್ಚು ಹಚ್ಚಿಕೊಂಡದ್ದೂ ಉಂಟು. ರಸ್ತೆ ಕಡೆಯ ಗುಂಡಿಗಳು ನನಗೆ, ಬಾವಿ ಕಡೆಯವು ನನ್ನ ಹೆಂಡತಿ ಕಮಲಾಬಾಯಿಗೆ. ಅವಳ ತವರು ಔರಾದ್ ಕಡೆಯ ಸಂತಪುರ. ಅಲ್ಲಿನ ಎರೆ ನೆಲ ಬೇಸಗೆಯಲ್ಲಿ ಬಿರಿದು ಕಂಬ ಸಡಿಲವಾಗುತ್ತದೆ, ಆದ್ದರಿಂದ ಆಳ ತೋಡುವುದು ಅವಳಿಗೆ ರೂಢಿ.

"ಮೂರು ಗೇಣು ಇಳೀಬೇಕು ನೋಡ್ರಿ," ಎಂದು ಸೆರಗು ಸಿಕ್ಕಿಸಿ ನಿಂತಳು.

ನನ್ನ ಕಡೆ ಎರಡು ಗೇಣಿಗೇ ಕೆಂಪು ಕಲ್ಲು ಹತ್ತಿತು. ಒಡೆಯಬಹುದಿತ್ತು. ಬಿಸಿಲೇರಿತ್ತು, ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು. ಕಂಬಗಳನ್ನು ಕಲ್ಲಿನ ಮೇಲೆಯೇ ನಿಲ್ಲಿಸಿ, ಬುಡಕ್ಕೆ ಸಿಮೆಂಟು ಸುರಿದು, ಮೇಲೆ ದುಂಡಗೆ ಚೆಂದದ ಕಟ್ಟೆ ಮಾಡಿಬಿಟ್ಟೆ.

ಮರುದಿನ ದಾರ ಹಿಡಿದರೆ ಮೂಲೆಯಲ್ಲಿ ಎರಡು ಕಡೆಯ ಕಂಬಗಳ ತಲೆಗಳು ಕೂಡಲಿಲ್ಲ. ನನ್ನವು ಗೇಣು ಎತ್ತರ.

"ನಿನ್ನವು ಯಾಕ ಗಿಡ್ಡ ಆದ್ವು?" ಮೊದಲು ಕೇಳಿದವನೂ ನಾನೇ.

"ನಾ ಅಂದಷ್ಟೇ ತೋಡೀನ್ರಿ. ನೀವು?"

"ನಾನೂ ಅಷ್ಟೇ."

ಭಾಲ್ಕಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟ ಅವಳ ತಮ್ಮ ಶಿವರಾಜ ಬಂದವನು, "ಮಾವಾ, ಬೇಲಿಗಿ ಒಂದು ಹೆಗಲ ಇಳದದಲ್ರಿ," ಎಂದ.

"ನಿಮ್ಮಕ್ಕನ ಕೈಗುಣಪಾ. ಸಂತಪುರದಾಗ ಅಳತಿ ಅಂದ್ರ ಬರೀ ಅಂದಾಜು."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ಮಾತಿಗೆ ರುಚಿ ಹತ್ತಿ, ಬಂದ ಬೀಗರಿಗೆಲ್ಲ ಚಹಾದ ಜೊತೆ ಬಡಿಸಿದೆ. ಆದರೆ ಮುಂದೆ ಅವಳು ನನ್ನ ಜೊತೆ ಯಾವ ಕೆಲಸಕ್ಕೂ ಕೈ ಹಚ್ಚಲಿಲ್ಲ. ಅವರೆ ಬಳ್ಳಿಯ ಹಂದರಕ್ಕೆ ದಾರದ ತುದಿ ಹಿಡಿ ಎಂದರೂ, "ನಾ ಹಿಡದ್ರ ಗಿಡ್ಡ ಆಗ್ತದ್ರಿ, ನೀವೇ ಮಾಡ್ರಿ," ಎಂದು ಒಳಗೆ ಹೋಗುವಳು. ಒಬ್ಬನೇ ಸುಣ್ಣ ಹಚ್ಚುವುದು ಎಷ್ಟು ಬೇಸರದ ಕೆಲಸ ಎಂದು ನನಗೆ ಆಮೇಲೆ ತಿಳಿಯಿತು.

ಹೋದ ವಾರದ ಗಾಳಿಮಳೆಗೆ ನನ್ನ ಕಂಬಗಳು ವಾಲಿದವು. ಅವಳವು ಅಲುಗಲಿಲ್ಲ. ನಿನ್ನೆ ಶಿವರಾಜ ಫೋನಿನಲ್ಲಿ, "ಮುಂಜಾನಿ ಬರ್ತೇನ್ರಿ ಮಾವಾ. ವಾಲಿದ್ದು ನೆಟ್ಟಗ ಮಾಡಿ, ಅಕ್ಕನ ಕಂಬಕ್ಕ ಗೇಣುದ್ದ ತುಂಡು ಬೆಸದು ಸಮ ಮಾಡ್ತೇನಿ," ಎಂದ. ಸರಿಯಾಗಿ ನಿಂತ ಕಂಬಗಳಿಗೆ ತೇಪೆ. ನನಗೆ ನಿದ್ದೆ ಹತ್ತಲಿಲ್ಲ. ಅವನು ಬರುವುದರೊಳಗೆ ನನ್ನದೊಂದನ್ನು ಕಿತ್ತು ಹಾಕಲೇಬೇಕು ಎಂದು ಎದ್ದೆ.

ಕಂಬ ಸಿಮೆಂಟಿನ ಗಡ್ಡೆ ಸಮೇತ ಕೈಗೆ ಬಂದ ಹೊತ್ತಿಗೆ ಶಿವರಾಜನೂ ತುಂಡುಗಳ ಚೀಲದೊಂದಿಗೆ ಬಂದ. "ಇದ್ಯಾಕ ಕಿತ್ತೀರಿ? ಗಿಡ್ಡ ಇದ್ದದ್ದು ಆ ಕಡೀದಲ್ರಿ."

"ಆ ಕಡೀದು ಸರಿ ಅದ. ನಾ ಪೂರಾ ತೋಡಿದ್ದಿಲ್ಲ. ಸುಳ್ಳು ಹೇಳಿದ್ದೆ," ಎಂದೆ, ಅಡುಗೆಮನೆಗೂ ಕೇಳುವಷ್ಟು ಜೋರಾಗಿ.

ಕಮಲಾಬಾಯಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಬಂದು ಗುಂಡಿಯೊಳಗೆ ಬಗ್ಗಿ ನೋಡಿದಳು.

"ಕಲ್ಲು ಹತ್ತಿತ್ತೇನ್ರಿ?"

"ಹತ್ತಿತ್ತು."

"ಆವಾಗ ಹೇಳಿದ್ರ ಇಬ್ರೂ ಕೂಡಿ ಒಡೀತಿದ್ವಲ್ರಿ."

ಬೈದಿದ್ದರೆ ಹಗುರಾಗುತ್ತಿತ್ತು. ನಾನು ಕಲ್ಲಿಗೆ ಹಾರೆ ಹಾಕಿದೆ, ಸುಸ್ತಾದಾಗ ಶಿವರಾಜ ಹಾಕಿದ. ಅವಳು ಗುಂಡಿಗೆ ಕೈಬಿಟ್ಟು ಗೇಣು ಹಾಕಿ, "ಇನ್ನ ನಾಲ್ಕ ಬಟ್ಟು," ಎಂದಳು. ಮತ್ತೆ ಒಡೆದೆವು. ಹಳೆ ಸಿಮೆಂಟು ಉದುರಿಸಿ ಕಂಬ ಇಳಿಸಿದಾಗ, ಅವಳು ಯಾರೂ ಹೇಳದೆ ದಾರದ ಒಂದು ತುದಿಯನ್ನು ತನ್ನ ಕಂಬದ ತಲೆಗೆ ಒತ್ತಿ ಹಿಡಿದಳು.

"ಬಿಗಿ ಹಿಡೀರಿ. ನಿಮ್ಮ ಕಡೀದು ಜೋಲಾಡ್ತದ."

ಹಿಡಿದೆ. ನನ್ನ ಕಂಬ ಗೇಣು ಗಿಡ್ಡವಾಗಿ ಅವಳದರ ಸಮಕ್ಕೆ ನಿಂತಿತ್ತು. ನನ್ನ ಅಂಗೈಯಲ್ಲಿ ಬೊಕ್ಕೆ ಎದ್ದಿವೆ, ದಾರದ ಆ ತುದಿಗೆ ಜೋಳದ ಹಿಟ್ಟು ಮೆತ್ತಿದೆ. ಉಳಿದ ಕಂಬಗಳ ಬುಡದಲ್ಲೂ ಕಲ್ಲೇ ಇದೆ. ನಾನು ನಾಳೆ ಬೆಳಗಾಗುವುದನ್ನೇ ಕಾಯುತ್ತಿದ್ದೇನೆ.