ತೆಪ್ಪದಣ್ಣನ ಅಂಡಮಾನ್

ನರಸೀಪುರದ ಸಂಗಮದಲ್ಲಿ ತೆಪ್ಪದಣ್ಣ ಜನರನ್ನು ಹೊಳೆ ದಾಟಿಸುತ್ತಿದ್ದ. ಹತ್ತಿದವರಿಗೆಲ್ಲ ಒಂದೇ ಗದರಿಕೆ: "ಅಳ್ಳಾಡ್ಬ್ಯಾಡಿ, ಕೂತ್ಕಳಿ." ಪೊಲೀಸರಿಗೂ ಅಷ್ಟೇ.

ನಾವು ಆಟೋದವರು ಅಂಡಮಾನ್ ದ್ವೀಪಕ್ಕೆ ಹೋಗುವ ಪ್ಲಾನ್ ಹಾಕಿದಾಗ ಅವನೂ ಸೇರಿಕೊಂಡ. ಹೂವಿನ ಚಡ್ಡಿಯನ್ನೂ ಕೊಂಡಿದ್ದ. ದಿನಾ ಬಂದು ನನ್ನ ಫೋನಿನಲ್ಲಿ ಅಲ್ಲಿನ ಬಿಸಿಲು, ನೀಲಿ ನೀರು ನೋಡುತ್ತಿದ್ದ.

ಒಂದು ಸಂಜೆ ಅವನ ತೆಪ್ಪದಲ್ಲಿ ಆಚೆ ದಡಕ್ಕೆ ಹೊರಟಿದ್ದೆ.

"ಅಣ್ಣ, ಅಲ್ಲಿ ಸಮುದ್ರದೊಳಕ್ಕೇ ಇಳ್ದು ಮೀನು ನೋಡ್ಬೋದಂತೆ. ನೀನೇ ಮೊದ್ಲು ಧುಮುಕ್ಬೇಕು ಕಣಣ್ಣ."

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. "ನಾ ಬರಕಿಲ್ಲ, ನೀವೇ ಓಗ್ಬನ್ನಿ. ನಂಗೆ ಈಜು ಗೊತ್ತಿಲ್ಲ ಕಣ್ಲಾ. ಯಾರ್ಗೂ ಏಳ್ಬ್ಯಾಡ. ಗೊತ್ತಾದ್ರೆ ತೆಪ್ಪ ಯಾರೂ ಅತ್ತಕಿಲ್ಲ."

ನಾವು ನಡುಹೊಳೆಯಲ್ಲಿದ್ದೆವು. ನನಗೂ ಈಜು ಬರುವುದಿಲ್ಲ. ಗಾಬರಿಯಲ್ಲಿ ಎದ್ದು ನಿಂತುಬಿಟ್ಟೆ.

"ಅಳ್ಳಾಡ್ಬ್ಯಾಡ, ಕೂತ್ಕೊಳ್ಲಾ!" ಎಂದು ಕಿರುಚಿದ.

ಅಲ್ಲಿಯವರೆಗೆ ಆ ಮಾತನ್ನು ಅವನು ನಮಗಾಗಿ ಹೇಳುತ್ತಾನೆ ಅಂದುಕೊಂಡಿದ್ದೆ.